ಡಬ್ಬಿಯಲ್ಲಿ ಉಳಿದ ಅರ್ಧ ಮುದ್ದೆ

ನಮ್ಮಪ್ಪ ಒಂದೇ ಒಂದು ಮಾತನ್ನು ನಾನು ಹುಟ್ಟಿದಾಗಿನಿಂದ ಹೇಳುತ್ತಾ ಬಂದಿದ್ದ. "ನನ್ ಕೈ ದಾಟಿ ಒಂದು ಗುಂಜಿ ಚಿನ್ನ ಆಚೆ ಓಗಿಲ್ಲ." ಮದುವೆ ಮನೆಯಲ್ಲಿ ಎಲೆ ಮುಂದೆ ಕೂತು ಹೇಳಿದ್ದಾನೆ, ರೇಷನ್ ಅಂಗಡಿಯ ಸಾಲಿನಲ್ಲಿ ನಿಂತು ಹೇಳಿದ್ದಾನೆ, ನನ್ನನ್ನು ನೋಡಲು ಗಂಡಿನವರು ಬಂದಾಗ ಉಪ್ಪಿಟ್ಟಿನ ತಟ್ಟೆ ಬರುವ ಮೊದಲೇ ಹೇಳಿದ್ದಾನೆ. ಆ ಮಾತು ಕೇಳಿ ಗಂಡಿನ ಕಡೆಯ ಹೆಂಗಸೊಬ್ಬರು ತಮ್ಮ ಕೊರಳ ಸರವನ್ನು ಸೆರಗಿನೊಳಕ್ಕೆ ಸರಿಸಿಕೊಂಡರು. ಆ ಸಂಬಂಧ ಮುಂದುವರಿಯಲಿಲ್ಲ.

ಅಮ್ಮನಿಗೆ ಈ ಮಾತು ಕೇಳಿದರೆ ಮೈಯೆಲ್ಲ ಉರಿ. "ಆಚೆಗೆ ಒಂದು ಗುಂಜಿ ಬಿಡ್ಲಿಲ್ಲ, ದಿಟ. ಮನೇಗೂ ಒಂದು ಗುಂಜಿ ತರ್ಲಿಲ್ಲ," ಎಂದು ತನ್ನ ಬೋಳು ಕೈ ತೋರಿಸುತ್ತಿದ್ದಳು.

ಅಪ್ಪನ ಕೆಲಸ ಕೆಜಿಎಫ್‌ನ ಗಣಿಯೊಂದರ ಬಾಯಲ್ಲಿ, ಪಾಳಿ ಮುಗಿಸಿ ಮೇಲೆ ಬಂದವರನ್ನು ಶೋಧಿಸುವುದು. ಪಾತಾಳದಲ್ಲಿ ಕಲ್ಲು ಒಡೆದು ಬೆವರಿಳಿಸಿಕೊಂಡು ಬಂದವರು ಒಬ್ಬೊಬ್ಬರಾಗಿ ಅಪ್ಪನ ಮುಂದೆ ಎರಡೂ ಕೈ ಮೇಲೆತ್ತಿ ನಿಲ್ಲಬೇಕು. ತಲೆಗೂದಲು, ಕಿವಿ, ನಾಲಗೆಯ ಕೆಳಗೆ, ಕಂಕುಳು, ಲಂಗೋಟಿ, ಕಾಲ್ಬೆರಳ ಸಂದಿ, ಒಂದನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಎರಡು ಸಲ ಎಗರಿಸುತ್ತಿದ್ದ. ಏನೂ ಉದುರದಿದ್ದರೆ ಬೆನ್ನಿಗೆ ಎರಡು ತಟ್ಟಿ, "ಸರಿ, ನಡಿ" ಅನ್ನುತ್ತಿದ್ದ. ಈ ಚಾಳಿ ಮನೆಗೂ ಬಂದಿತ್ತು. ನಾನು ಸ್ಕೂಲಿಂದ ಬಂದರೆ ಚೀಲ ತಡವಿ, ಜಾಮಿಟ್ರಿ ಬಾಕ್ಸು ಅಲ್ಲಾಡಿಸಿ, ಬೆನ್ನಿಗೆ ಎರಡು ತಟ್ಟಿ "ಸರಿ, ನಡಿ" ಅಂದ ಮೇಲೆಯೇ ನನಗೆ ಕಾಫಿ.

ಗಣಿ ಮುಚ್ಚಿತು. ಗಣಿಯವರು ಕೊಟ್ಟಿದ್ದ ಮನೆ ಹೋಯಿತು, ಅಪ್ಪನ ಮಂಡಿ ಹೋಯಿತು, ಒಂದು ಕಣ್ಣಿನ ದೃಷ್ಟಿಯೂ ಮಂಜಾಯಿತು. ಆ ಮಾತೊಂದು ಮಾತ್ರ ಹೋಗಲಿಲ್ಲ. ಆಂಡರ್ಸನ್‌ಪೇಟೆಯಲ್ಲಿ ಇವತ್ತಿಗೂ ಅವನನ್ನು ಸರ್ಚಣ್ಣ ಅಂತಲೇ ಕರೆಯುತ್ತಾರೆ. ಹಾಗೆ ಕರೆದಾಗ ಅವನ ಬೆನ್ನು ಒಂದು ಬೆರಳಿನಷ್ಟು ನೆಟ್ಟಗಾಗುತ್ತದೆ.

ನಾನು ಬಂಗಾರಪೇಟೆಯ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ವಿಶ್ವವಿದ್ಯಾಲಯವೊಂದರಿಂದ ನನಗೆ ಫೋನ್ ಬಂತು. ಅಣು ಭದ್ರತೆ ಮತ್ತು ಅಣ್ವಸ್ತ್ರ ಪ್ರಸರಣ ತಡೆ ಕುರಿತ ಬಹುಶಿಸ್ತೀಯ ಸಂಶೋಧನೆಯಂತೆ, ಕೆಜಿಎಫ್‌ನಲ್ಲಿ ಕ್ಷೇತ್ರಕಾರ್ಯವಂತೆ, ಕನ್ನಡ ತಮಿಳು ತೆಲುಗು ಮೂರೂ ಬರುವ ನಾನು ಬೇಕಂತೆ. ಬಹುಶಿಸ್ತೀಯ ಎಂದರೆ ಏನೆಂದು ಅವರು ಬಂದ ದಿನವೇ ಗೊತ್ತಾಯಿತು. ಭೌತಶಾಸ್ತ್ರದ ಮೇಡಂ, ಕಾನೂನಿನ ಸರ್ ಇಬ್ಬರೂ ಒಂದೇ ಕಾರಿನಲ್ಲಿ ಬರುವುದು, ಕಾರಿನಿಂದ ಇಳಿಯುವ ಹೊತ್ತಿಗೆ ಮಾತು ಬಿಟ್ಟಿರುವುದು. ಮನಃಶಾಸ್ತ್ರದವರೊಬ್ಬರು ಬಂದು ಇಬ್ಬರನ್ನೂ ಸಂಭಾಳಿಸಬೇಕಿತ್ತು. ಅವರಿಗೆ ಜ್ವರ ಬಂತು.

"ಅಣುವಿಗೂ ನಮ್ಮೂರಿಗೂ ಏನು ಸಂಬಂಧ ಮೇಡಂ?" ಎಂದು ಮೊದಲ ದಿನವೇ, ಅವರು ನಮ್ಮ ಮನೆಗೆ ಬಂದು ಕೂತಾಗ ಕೇಳಿದೆ.

ಮೇಡಂ ಬಿಡಿಸಿ ಹೇಳಿದರು. "ಅಣುಸ್ಥಾವರಕ್ಕೆ ಹೊರಗಿನ ಕಳ್ಳ ಬರದ ಹಾಗೆ ಗೋಡೆ ಇದೆ, ಬಂದೂಕು ಇದೆ. ಆದರೆ ಒಳಗೇ ಕೆಲಸ ಮಾಡೋನು, ದಿನಾ ಗೇಟಿನಲ್ಲಿ ನಮಸ್ಕಾರ ಹೇಳೋನು, ಬಾಂಬಿಗೆ ಬರೋ ವಸ್ತುವನ್ನ ಚೂರುಚೂರೇ ಆಚೆ ಸಾಗಿಸಿದರೆ? ಆ ಗೇಟಿನವರು ನಮಗೆ ಏನೂ ಹೇಳಲ್ಲ, ಹೇಳಲೂಬಾರದು. ಅದಕ್ಕೇ ನಮಗೆ ಮುಚ್ಚಿಹೋಗಿರೋ ಒಂದು ಗೇಟು ಬೇಕಾಗಿತ್ತು. ಚಿನ್ನವೂ ಅಷ್ಟೆ, ಒಂದು ಚೂರಿಗೂ ಬೆಲೆ ಇದೆ. ಒಳಗಿನವರು ಅದನ್ನ ಹೇಗೆ ಸಾಗಿಸ್ತಿದ್ರು, ಕಾವಲಿನವರು ಹೇಗೆ ಹಿಡೀತಿದ್ರು, ಎಲ್ಲಿ ಹಿಡೀಲಿಲ್ಲ, ಅದು ಗೊತ್ತಾದರೆ ಅಣುವಿನ ಗೇಟಿಗೂ ಪಾಠ."

ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಮ್ಮ ತಲೆ ಎತ್ತಿದಳು. "ಬೇಲೀನೇ ಎದ್ದು ಒಲ ಮೇಯೋದಾ? ಇದನ್ನ ತಿಳ್ಕೊಳ್ಳಾಕೆ ಬೆಂಗ್ಳೂರಿಂದ ಬರ್ಬೇಕಿತ್ತಾ?"

ಕಾನೂನಿನ ಸರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಆದರೆ ಅಷ್ಟು ಹೊತ್ತಿಗೆ ಊರಿನಲ್ಲಿ ಬೇರೆಯೇ ಸುದ್ದಿ ಹಬ್ಬಿತ್ತು. ಅಣು ಕಸವನ್ನು ತಂದು ಹಳೇ ಗಣಿಯ ಬಾವಿಗಳಿಗೆ ಸುರಿಯಲು ಜಾಗ ನೋಡುತ್ತಿದ್ದಾರೆ ಅಂತ. ಮೇಡಂ ಕೈಯಲ್ಲಿದ್ದ ಕಪ್ಪು ಪೆಟ್ಟಿಗೆ ನೋಡಿ ಆಂಡರ್ಸನ್‌ಪೇಟೆಯ ಆಟೊದವನು, "ಮೇಡಂ ಬರ್ಲಿ, ಪೆಟ್ಗೆ ಬ್ಯಾಡ" ಅಂದ. ಪೆಟ್ಟಿಗೆಯಲ್ಲಿ ಇದ್ದದ್ದು ರೆಕಾರ್ಡರು, ಎರಡು ಬಾಳೆಹಣ್ಣು, ಮತ್ತೆ ವಿಕಿರಣ ಅಳೆಯುವ ಒಂದು ಪುಟ್ಟ ಮೀಟರು. ಜನರ ಭಯ ಹೋಗಲಿ ಎಂದು ಮೇಡಂ ಆ ಮೀಟರನ್ನು ನಮ್ಮ ಮನೆಯಲ್ಲಿ ಎಲ್ಲರ ಮುಂದೆ ಹೊರಗೆ ತೆಗೆದು ತೋರಿಸಿದರು. ಅದು ಸುಮ್ಮನಿರಬಾರದೆ? ಅಮ್ಮನ ಒರಳುಕಲ್ಲಿನ ಹತ್ತಿರ ಹೋದದ್ದೇ ಟಿಕ್ ಟಿಕ್ ಎಂದು ಬಡಿದುಕೊಂಡಿತು. ಕರಿಕಲ್ಲು ಎಲ್ಲಿದ್ದರೂ ಸ್ವಲ್ಪ ಹಾಗೆಯೇ, ಏನೂ ತೊಂದರೆ ಇಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಅಮ್ಮ ಒರಳಿಗೆ ಗೋಣಿಚೀಲ ಹೊದಿಸಿದಳು. ಎರಡು ದಿನ ಮಿಕ್ಸಿಯ ಚಟ್ನಿ. ಮೂರನೇ ದಿನ ಚೀಲ ಎತ್ತಿ ಹಾಕಿ, "ಇಷ್ಟು ವರ್ಸ ಸಾಯ್ದೋರು ಈಗ ಸಾಯ್ತೀವಾ?" ಎಂದು ರುಬ್ಬಲು ಕೂತಳು.

ಅಪ್ಪನಿಗೆ ಮಾತ್ರ ಇದೆಲ್ಲ ಹಬ್ಬ. ಗಣಿ ಮುಚ್ಚಿದ ಮೇಲೆ ಅವನ ವಿದ್ಯೆಯನ್ನು ಕೇಳಲು ಯಾರೂ ಬಂದಿರಲಿಲ್ಲ. ಯಂತ್ರ ಇಲ್ಲದೆ ಬರೀ ಕೈಯಲ್ಲಿ ಹುಡುಕುವುದು ಸಾಧ್ಯವೇ ಎಂದು ಕಾನೂನಿನ ಸರ್ ರಾಗ ಎಳೆದರು. "ಒಂದು ರೂಪಾಯಿ ಬಚ್ಚಿಟ್ಕೊಂಡು ಬನ್ನಿ ಸಾಮಿ," ಅಂದ ಅಪ್ಪ. ಸರ್ ಒಳಕೋಣೆಗೆ ಹೋಗಿ ಬಂದು ನಗುತ್ತಾ ಎರಡೂ ಕೈ ಎತ್ತಿ ನಿಂತರು. ಅಪ್ಪ ಅವರ ಎಡಗಾಲಿನ ಕಾಲುಚೀಲ ಬಿಚ್ಚಿಸಿ ಪಾದದ ಕೆಳಗಿಂದ ನಾಣ್ಯ ತೆಗೆದ. ಅಷ್ಟಕ್ಕೇ ಬಿಡಬಹುದಿತ್ತು. ಕನ್ನಡಕದ ಪೆಟ್ಟಿಗೆ ತೆರೆದು, ಅದರ ಬಟ್ಟೆಯ ಕೆಳಗಿಂದ ಎರಡು ಸಿಗರೇಟು ತೆಗೆದು ನಾಣ್ಯದ ಪಕ್ಕ ಇಟ್ಟ. ಆರು ತಿಂಗಳ ಹಿಂದೆಯೇ ಬಿಟ್ಟಿದ್ದೇನೆ ಎಂದು ಸರ್ ಮೇಡಂಗೆ ಹೇಳಿದ್ದರಂತೆ. ಅಪ್ಪ ಅವರ ಬೆನ್ನಿಗೆ ಎರಡು ತಟ್ಟಿ "ಸರಿ, ನಡಿ" ಅಂದ.

ಮೇಡಂ ಅಲ್ಲೇ ತೀರ್ಮಾನ ಮಾಡಿಬಿಟ್ಟರು. ಸಂಶೋಧನೆಯ ಕೊನೆಗೆ ಬಂಗಾರಪೇಟೆಯಲ್ಲಿ ಒಂದು ಕಾರ್ಯಾಗಾರ ಇಟ್ಟುಕೊಂಡಿದ್ದರು. ಹೊರಗಿನ ಪ್ರೊಫೆಸರುಗಳೆಲ್ಲ ಬರುವವರಿದ್ದರು. ಅಲ್ಲಿ ಮೊದಲ ಮಾತು ಅಪ್ಪನದು. ಅಪ್ಪ ಆವತ್ತೇ ಬಿಳಿ ಪಂಚೆಯನ್ನು ಇಸ್ತ್ರಿಗೆ ಕೊಟ್ಟ. ಕಾರ್ಯಾಗಾರಕ್ಕೆ ಇನ್ನೂ ಎರಡು ತಿಂಗಳಿತ್ತು.

ಹಳೇ ಗಣಿ ಕಾರ್ಮಿಕರ ಸಂದರ್ಶನ ಶುರುವಾಯಿತು. ಮೊದಲು ಒಪ್ಪಿಗೆ ಪತ್ರ: ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ, ನಿಮಗೊಂದು ನಂಬರು ಕೊಡುತ್ತೇವೆ. ಕದ್ದವರಿಗೆ ಇದು ಸಮಾಧಾನ ಕೊಡುತ್ತದೆ ಎಂದು ಕಾನೂನಿನ ಸರ್ ಎಣಿಸಿದ್ದರು. ಚಾಂಪಿಯನ್ ರೀಫ್ಸ್ ಗಣಿಯ ಮುದುಕನೊಬ್ಬ ಪತ್ರವನ್ನು ವಾಪಸು ತಳ್ಳಿದ. "ಎಸ್ರು ಆಕಲ್ಲ ಅಂದ್ರೆ ನಾನ್ಯಾಕೆ ಏಳ್ಲಿ? ಜಲ್ಮದಾಗೆ ಒಂದು ಬುದ್ವಂತ್ಕೆ ಕೆಲ್ಸ ಮಾಡಿವ್ನಿ, ಅದನ್ನೂ ನಂಬ್ರಿಗೆ ಕೊಟ್ಬುಡ್ಲಾ?" ಎಲ್ಲರದೂ ಇದೇ ತಕರಾರು. ಫೋಟೊ ಹಾಕಿದರೆ ಇನ್ನೂ ಎರಡು ಉಪಾಯ ಹೇಳುತ್ತೇನೆ ಎಂದವರೂ ಇದ್ದರು. ಈ ಬರಹದಲ್ಲಿ ಒಂದು ಹೆಸರೂ ಇಲ್ಲದಿರುವುದಕ್ಕೆ ಆ ಒಪ್ಪಿಗೆ ಪತ್ರವೇ ಕಾರಣ. ಆ ಪತ್ರಗಳಿಗೆಲ್ಲ ನಾನೂ ಸಹಿ ಹಾಕಿದ್ದೇನೆ.

ಅವರು ಹೇಳಿದ ಉಪಾಯಗಳು ಒಂದಕ್ಕಿಂತ ಒಂದು ಮೇಲು. ಜಟೆ ಕಟ್ಟಿದ ಕೂದಲು, ಬೀಡಿಯ ಒಳಗೆ, ಗಾಯದ ಬ್ಯಾಂಡೇಜು. ಆದರೆ ಪ್ರತಿ ಕತೆಯೂ ಮುಗಿಯುತ್ತಿದ್ದದ್ದು ಒಂದೇ ಮಾತಿಗೆ: "ನಿಮ್ಮಪ್ಪ ಇಡ್ದುಬುಟ್ಟ ಕಣಮ್ಮ." ನನಗೆ ಒಳಗೊಳಗೇ ಹೆಮ್ಮೆ. ಅಪ್ಪ ಬಡಾಯಿ ಕೊಚ್ಚಿಕೊಳ್ಳುತ್ತಿದ್ದಾನೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಅವನು ಹೇಳಿದ್ದೆಲ್ಲ ನಿಜವೇ ಆಗಿತ್ತಲ್ಲ!

ಆಮೇಲೆ ಕೋರಮಂಡಲ್ ಮಾಮನ ಸರದಿ ಬಂತು.

ಕೋರಮಂಡಲ್ ಸ್ಟೇಷನ್ ಹತ್ತಿರ ಇರುವ ಕೋರಮಂಡಲ್ ಮಾಮ ಅಪ್ಪನ ಗೆಳೆಯ. ಅವನ ಮನೆಮಾತು ತಮಿಳು. ಗಣಿ ಇದ್ದಾಗ ಅಪ್ಪನ ಮುಂದೆ ದಿನಾ ಕೈಯೆತ್ತಿ ನಿಲ್ಲುತ್ತಿದ್ದವನು. ಗಣಿ ಮುಚ್ಚಿದ ಮೇಲೆ ದಿನಾ ಬೆಳಿಗ್ಗೆ ರೈಲು ಹತ್ತಿ ಬಂದು ಆಂಡರ್ಸನ್‌ಪೇಟೆಯ ಟೀ ಅಂಗಡಿಯ ಮುಂದಿನ ಕಲ್ಲುಬೆಂಚಿನಲ್ಲಿ ಅಪ್ಪನ ಪಕ್ಕ ಕೂರುತ್ತಾನೆ. ಇಬ್ಬರೂ ಪೇಪರ್ ಲೋಟದಲ್ಲಿ ಟೀ ಕುಡಿದು, ಸರ್ಕಾರವನ್ನು ಬೈದು, ಒಬ್ಬರ ಮಂಡಿಯನ್ನು ಇನ್ನೊಬ್ಬರು ವಿಚಾರಿಸಿಕೊಂಡು ಏಳುತ್ತಾರೆ. ಅವನಿಲ್ಲದ ದಿನ ಅಪ್ಪನಿಗೆ ಮಲಬದ್ಧತೆ.

ಮಾಮನ ಮನೆ ಗಣಿಯವರು ಕಟ್ಟಿಸಿದ್ದ ಹಳೇ ಸಾಲುಮನೆಗಳಲ್ಲೊಂದು. ನಾವು ಹೋದಾಗ ಮಧ್ಯಾಹ್ನ. ಮಾಮನ ಹೆಂಡತಿ, ನಾನು ಅತ್ತೆ ಅಂತಲೇ ಕರೆಯುವುದು, ಬಿಸಿಬಿಸಿ ರಾಗಿಮುದ್ದೆ, ಸೊಪ್ಪಿನ ಸಾರು ಇಟ್ಟಳು. ಅವರು ಅದಕ್ಕೆ ಕಳಿ ಅನ್ನುತ್ತಾರೆ. ಮೇಡಂ, ಸರ್ ಇಬ್ಬರೂ ತಟ್ಟೆ ಎಳೆದುಕೊಂಡರು. ಸರ್ ಮುದ್ದೆಯನ್ನು ಅಗಿಯತೊಡಗಿದ್ದು ನೋಡಿ ಮಾಮ, "ಅಯ್ಯೋ ಸಾರ್, ಮುಳುಂಗಣುಂ, ನುಂಗ್ಬೇಕು!" ಎಂದು ಗಾಬರಿಯಾದ.

"ನಿನಗೂ ಆಕ್ಲಾ ಪಾಪ್ಪಾ?" ಅಂದಳು ಅತ್ತೆ.

"ಈಗ ತಾನೇ ಉಂಡೆ ಅತ್ತೆ," ಅಂದೆ.

ಉಂಡಿರಲಿಲ್ಲ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದದ್ದಷ್ಟೆ. ಯಾಕೆ ಹಾಗಂದೆನೋ ಆ ಕ್ಷಣಕ್ಕೆ ನನಗೇ ತಿಳಿಯಲಿಲ್ಲ. ಬಾಯಿಗೆ ತಾನಾಗಿ ಬಂತು. ಆ ದಿನದ ರೆಕಾರ್ಡಿಂಗ್ ಕೇಳಿದರೆ ಮಾಮನ ಮಾತಿನ ನಡುನಡುವೆ ನನ್ನ ಹೊಟ್ಟೆಯ ಗುರುಗುಟ್ಟುವಿಕೆ ಸ್ಪಷ್ಟವಾಗಿ ಕೇಳಿಸುತ್ತದೆ.

"ಪೊಲೀಸ್ ಗಿಲೀಸ್ ಬರಲ್ವಲ್ಲ?" ಎಂದು ಕೇಳಿ ಮಾಮ ಶುರು ಮಾಡಿದ. "ನಿಮ್ಮಪ್ಪ ಇದಾನಲ್ಲ ಪಾಪ್ಪಾ, ಹದ್ದು ಅವನು. ನನ್ ಬಾಯೊಳಗೆ ಬೆರಳಾಕಿ ನೋಡೋನು. ಕಾಲ್ ಬೆರಳು ಬಿಡಿಸಿ ಬಿಡಿಸಿ ನೋಡೋನು. ಊಟದ ಡಬ್ಬಿ ಬಂತಾ? ಅವನ ತಾವ ಒಂದು ಕೋಲು ಇತ್ತು. ಆ ಕೋಲಲ್ಲಿ ಮುಚ್ಚಳ ಎತ್ತೋನು. ಒಳಗೆ ತಿಂದು ಮಿಕ್ಕಿದ ಅರ್ಧ ಕಳಿ. ಮೂತಿ ಆ ಕಡೆ ತಿರುಗಿಸ್ಕೊಂಡು 'ಸರಿ, ನಡಿ' ಅನ್ನೋನು."

"ಅದನ್ನ ಮಾತ್ರ ಯಾಕೆ ಮುಟ್ಟಿ ನೋಡ್ತಿರಲಿಲ್ಲ? ಎಂಜಲು ಅಂತಲಾ?" ಎಂದು ಮೇಡಂ ಕೇಳಿದರು.

"ಬಾಯಿಗೆ ಬೆರಳು ಆಕಿದ್ರೆ ಎಂಜಲಲ್ವಾ ಮೇಡಂ?" ಮಾಮ ನಕ್ಕ. ಆಮೇಲೆ ನನ್ನ ಕಡೆ ನೋಡಿದ. "ಬಾಯೊಳಗೆ ಬೆರಳಾಕೋದು ಡ್ಯೂಟಿ. ನಮ್ಮ ಡಬ್ಬೀಲಿ ಕೈಯಿಟ್ರೆ ಜಾತಿ ಕೆಡುತ್ತೆ. ಅವನು ಚಾಪೆ ಕೆಳಗೆ ತೂರಿದ್ರೆ ನಾವು ರಂಗೋಲಿ ಕೆಳಗೆ. ಅವನು ಎಲ್ಲಿ ಕೈ ಇಡಲ್ವೋ ಅಲ್ಲೇ ಇಟ್ವಿ."

ಕಾನೂನಿನ ಸರ್ ಅಗಿಯುವುದನ್ನು ನಿಲ್ಲಿಸಿದರು.

ಮಾಮನ ದನಿಯಲ್ಲಿ ಸಿಟ್ಟಿರಲಿಲ್ಲ. ಹಳೇ ಕಬಡ್ಡಿ ಆಟದ ಕತೆ ಹೇಳುವ ಹಾಗೆ ಹೇಳುತ್ತಿದ್ದ. ಅವನು ಕದ್ದದ್ದು ಮೂರೇ ಸಲವಂತೆ, ಚಿನ್ನದ ಎಳೆ ಕಾಣುವ ಕಲ್ಲಿನ ಚೂರು. "ಏನ್ ಮಾಡಿದ್ರಿ ಅದರಲ್ಲಿ?" ಎಂದರು ಮೇಡಂ. ಅತ್ತೆ ಮುಖವನ್ನು ಬೆಳಕಿಗೆ ತಿರುಗಿಸಿದಳು. ಮೂಗುತಿ ಫಳ್ಳೆಂದಿತು. ಆ ಮೂಗುತಿ ಹಾಕಿಕೊಂಡೇ ಅವಳು ನನ್ನ ಮದುವೆಗೆ ಬಂದಿದ್ದಳು. ಬಾಗಿಲಲ್ಲಿ ಅಪ್ಪನೇ ನಿಂತು ಪನ್ನೀರು ಚಿಮುಕಿಸಿ ಒಳಗೆ ಕರೆದುಕೊಂಡಿದ್ದ.

ವಾಪಸು ಬರುವಾಗ ಕಾರಿನಲ್ಲಿ ಮೇಡಂಗೆ ಸಂಭ್ರಮವೋ ಸಂಭ್ರಮ. "ಇದೇ ರೀ ತಿರುಳು! ಕಾವಲಿನವನು ಪ್ರಾಮಾಣಿಕ, ಚುರುಕು, ಲಂಚ ಮುಟ್ಟಲ್ಲ. ಆದರೂ ಒಂದು ಜಾಗಕ್ಕೆ ಕೈ ಹಾಕಲ್ಲ. ಹಾಕಲ್ಲ ಅನ್ನೋದು ಅವನಿಗೇ ಗೊತ್ತಿಲ್ಲ. ಪ್ರತಿ ಗೇಟಿನಲ್ಲೂ ಅಂಥ ಒಂದು ಜಾಗ ಇರುತ್ತೆ. ಒಂದು ಕಡೆ ದೊಡ್ಡ ಸಾಹೇಬರ ಬ್ಯಾಗು ಮುಟ್ಟಲ್ಲ, ಇನ್ನೊಂದು ಕಡೆ ದೇವರ ಪ್ರಸಾದ ಮುಟ್ಟಲ್ಲ. ಯಂತ್ರ ಎಷ್ಟು ತಂದಿಟ್ಟರೂ ಆ ತೂತು ಹಾಗೇ ಇರುತ್ತೆ." ಇದನ್ನು ನೀವೇ ಬರೆಯಬೇಕು, ಕಾರ್ಯಾಗಾರದಲ್ಲಿ ನೀವೇ ಓದಬೇಕು ಎಂದು ನನಗೆ ಹೇಳಿದರು.

ಅಪ್ಪ ಮೊದಲು ಎದ್ದು ನಿಂತು ಒಂದು ಗುಂಜಿಯೂ ದಾಟಿಲ್ಲ ಅನ್ನುವುದು. ಆಮೇಲೆ ಮಗಳು ಎದ್ದು ನಿಂತು ದಾಟಿದೆ, ಇಂಥ ಕಡೆಯಿಂದ, ಇಂಥ ಕಾರಣಕ್ಕೆ ಅನ್ನುವುದು. ಇದನ್ನು ಬಿಟ್ಟುಬಿಡೋಣ ಮೇಡಂ, ಬೇರೆ ಉಪಾಯಗಳೇ ಬೇಕಾದಷ್ಟಿವೆ ಎಂದು ಗೋಗರೆದೆ.

ಮೇಡಂ ನನ್ನ ಕಡೆ ತಿರುಗಿದರು. "ನಿಮ್ಮ ಪ್ರಬಂಧ, ನಿಮ್ಮ ಅಪ್ಪ. ಬಿಟ್ಟರೆ ನಾನೇನೂ ಅನ್ನಲ್ಲ. ಆದರೆ ಆಗ ಆ ಡಬ್ಬೀನ ನೀವೂ ಮುಟ್ಟಲಿಲ್ಲ ಅಂತಾಗುತ್ತೆ, ಅಷ್ಟೆ."

ನನಗೆ ಕೆಟ್ಟ ಕೋಪ ಬಂತು. ಬಂದದ್ದು ಅವರ ಮೇಲಲ್ಲ. "ಈಗ ತಾನೇ ಉಂಡೆ" ಎಂದದ್ದು ಯಾಕೆ ಅಂತ ಆಗ ಅರ್ಥವಾಗಿತ್ತು. ನೂಲಿನಂತೆ ಸೀರೆ. ಕಾಲೇಜಿನಲ್ಲಿ ಜಾತಿಯ ಬಗ್ಗೆ ಒಂದು ಸೆಮಿಸ್ಟರ್ ಪಾಠ ಹೇಳುವವಳು ನಾನು, ನೋಟ್ಸ್ ಬೇರೆ ಕೊಡುತ್ತೇನೆ. ನಾಚಿಕೆಯಾಯಿತು.

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂಥ ಒಂದು ಉಪಾಯ ಹೂಡಿದೆ. ಎಲ್ಲವನ್ನೂ ಬರೆದೆ, ಆದರೆ ಇಂಗ್ಲಿಷಿನಲ್ಲಿ ಬರೆದೆ. ಅಪ್ಪನಿಗೆ ಇಂಗ್ಲಿಷಿನಲ್ಲಿ ಬರುವುದು ಗುಡ್ ಮಾರ್ನಿಂಗು, ಸರ್ಚು ಮತ್ತು ಡಿಸ್ಮಿಸ್ಸು.

ಕಾರ್ಯಾಗಾರದ ದಿನ ನಮ್ಮ ಕಾಲೇಜಿನ ಸಭಾಂಗಣ ತುಂಬಿತ್ತು. ಸಂದರ್ಶನ ಕೊಟ್ಟವರನ್ನೆಲ್ಲ ಕರೆದಿದ್ದರು. ಕೋರಮಂಡಲ್ ಮಾಮ ಮುಂದಿನ ಸಾಲಿನಲ್ಲಿ ಅಪ್ಪನ ಪಕ್ಕದಲ್ಲೇ ಕೂತಿದ್ದ. ಅಪ್ಪ ವೇದಿಕೆ ಹತ್ತಿ, ಮೈಕನ್ನು ಒಮ್ಮೆ ತಡವಿ ನೋಡಿ, ಮೇಡಂ ಇಪ್ಪತ್ತು ನಿಮಿಷ ಕೊಟ್ಟಿದ್ದರೂ ಎರಡೇ ನಿಮಿಷ ಮಾತಾಡಿದ. ಕೊನೆಯ ಮಾತು ಯಾವುದೆಂದು ಹೇಳಬೇಕಾಗಿಲ್ಲ. ಜೋರು ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವನು ಮಾಮ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು.

ಆಮೇಲೆ ನಾನು. ತಲೆ ತಗ್ಗಿಸಿಕೊಂಡು ಓದಿದೆ, ರೈಲು ತಪ್ಪಿಹೋಗುತ್ತದೆ ಎನ್ನುವವಳ ಹಾಗೆ ಓದಿದೆ. ಮೂರು ಪುಟ ದಾಟಿತು. ಅಪ್ಪ ಹೆಮ್ಮೆಯಿಂದ ತಲೆದೂಗುತ್ತಿದ್ದ. ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಸಭೆಯಲ್ಲಿ ಕಿಸಕ್ಕನೆ ಯಾರೋ ನಕ್ಕರು. ತಿರುಗಿ ನೋಡಿದರೆ ನನ್ನ ಹಿಂದಿನ ಪರದೆಯ ಮೇಲೆ, ಆಳೆತ್ತರಕ್ಕೆ, ಸ್ಟೀಲಿನ ಡಬ್ಬಿಯಲ್ಲಿ ಅರ್ಧ ಮುದ್ದೆ. ಮುದ್ದೆಯ ಹೊಟ್ಟೆಯೊಳಗೆ ಹಳದಿ ಚುಕ್ಕೆ. ಅದಕ್ಕೊಂದು ಕೆಂಪು ಬಾಣ. ನನಗೆ ನೆರವಾಗಲೆಂದು ಕಾನೂನಿನ ಸರ್ ರಾತ್ರಿಯೆಲ್ಲ ಕೂತು ಆ ಚಿತ್ರ ಮಾಡಿಸಿದ್ದರು. ಬಾಣಕ್ಕೆ ಯಾವ ಭಾಷೆ?

ಅಪ್ಪನ ತಲೆದೂಗುವಿಕೆ ನಿಂತಿತು. ಮುಂದಕ್ಕೆ ಬಾಗಿ, ಸರಿಯಿರುವ ಒಂದು ಕಣ್ಣಿನಲ್ಲಿ ಪರದೆಯನ್ನೇ ನೋಡಿದ. ಸಭೆಗೆಲ್ಲ ಕೇಳುವ ಹಾಗೆ, "ಅದ್ಯಾರ್ದು ಮುದ್ದೆ?" ಅಂದ.

ಸಂದರ್ಶನ ನಂಬರ್ ಇಷ್ಟು ಎಂದು ಹೇಳಲು ಹೊರಟೆ. ಅಷ್ಟರಲ್ಲಿ ಕೋರಮಂಡಲ್ ಮಾಮ ಎದ್ದು ನಿಂತಿದ್ದ. ಪರದೆಯ ಮೇಲೆ ಅಷ್ಟು ದೊಡ್ಡದಾಗಿ ಬಂದ ತನ್ನ ಕೆಲಸಕ್ಕೆ ಬರೀ ನಂಬರು ಹಾಕಿದ್ದು ಅವನಿಗೆ ಸಹಿಸಲಾಗಲಿಲ್ಲವೋ, ಇಲ್ಲ ಗೆಳೆಯನಿಗೆ ಬೇರೆ ಯಾರೋ ಹೇಳುವುದು ಬೇಡವಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಂಡು, "ನಂದೇ ಸರ್ಚಣ್ಣ," ಅಂದ. "ನೀನು ಕೋಲಲ್ಲಿ ಮುಚ್ಚಳ ಎತ್ತಿ ನೋಡ್ತಿದ್ಯಲ್ಲ, ಅದೇ ಕಳಿ."

ಅಪ್ಪ ಹಣ್ಣಿನ ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತೇ ಇದ್ದ. ಪ್ರೊಫೆಸರೊಬ್ಬರು ನನಗೆ ಪ್ರಶ್ನೆ ಕೇಳಿದರು, ನಾನು ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಊಟದ ವಿರಾಮದಲ್ಲಿ ಬಂಗಾರಪೇಟೆ ಪಾನಿಪುರಿ ತರಿಸಿದ್ದರು. ಮೇಡಂ ಖಾರಕ್ಕೆ ಕಣ್ಣೀರು ಸುರಿಸುತ್ತಿದ್ದರು. ನಾನೂ ಅವರ ಪಕ್ಕ ನಿಂತು ಕಣ್ಣು ಒರೆಸಿಕೊಂಡೆ. ನೋಡಿದವರು ಪಾನಿಯೇ ಕಾರಣ ಅಂದುಕೊಂಡಿರಬೇಕು.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಮೂವರೂ ಹೊರಟೆವು. ಅಪ್ಪ ಕಿಟಕಿಯ ಹತ್ತಿರ, ಹೊದ್ದ ಶಾಲು ಹಾಗೇ ಇತ್ತು. ಮಾಮ ದೂರದಲ್ಲಿ ಬಾಗಿಲ ಬಳಿ ನಿಂತಿದ್ದ. ಸೀಟು ಖಾಲಿಯಿದ್ದರೂ ಕೂರಲಿಲ್ಲ. ಅಷ್ಟು ವರ್ಷದಲ್ಲಿ ಅವರಿಬ್ಬರೂ ಮಾತಾಡದೆ ಒಂದೇ ಕಡೆ ಇದ್ದದ್ದನ್ನು ನಾನು ನೋಡಿರಲಿಲ್ಲ. ನಾಳೆ ಬೆಳಿಗ್ಗೆ ಕಲ್ಲುಬೆಂಚು ಖಾಲಿ ಬಿದ್ದಿರುತ್ತದೆ, ಅದಕ್ಕೆ ಕಾರಣ ನಾನು ಅಂದುಕೊಂಡೆ.

"ಅಪ್ಪಾ, ತಪ್ಪಾಯ್ತು," ಅಂದೆ.

"ನೀನೇನ್ ಮಾಡ್ದೆ?" ಎಂದು ಕಿಟಕಿಯ ಆಚೆಗೇ ನೋಡುತ್ತಿದ್ದ.

ಮೊದಲ ಸ್ಟೇಷನ್ ಕೋರಮಂಡಲ್. ಮಾಮ ನಮ್ಮ ಕಡೆ ಒಮ್ಮೆ ತಿರುಗಿ ನೋಡಿ ಇಳಿದ. ನಮ್ಮದು ಇನ್ನೂ ಮುಂದೆ. ರೈಲು ಸಿಳ್ಳೆ ಹಾಕಿದ ಮೇಲೆ ಅಪ್ಪ ಬುಟ್ಟಿ ಎತ್ತಿಕೊಂಡು ಎದ್ದ. ಆ ಮಂಡಿ ಇಟ್ಟುಕೊಂಡು ಅಷ್ಟು ಬೇಗ ಎದ್ದದ್ದನ್ನು ಡಾಕ್ಟರೂ ನಂಬಲಾರರು. ಯಾಕೆ, ಏನು ಎಂದು ನಾನು ಕೇಳುವ ಮೊದಲೇ ಪ್ಲಾಟ್‌ಫಾರ್ಮ್ ಮೇಲೆ ನಿಂತಿದ್ದ. ಅವನ ಹಿಂದೆ ನಾನೂ ಧುಮುಕಿದೆ.

ಮಾಮನ ಮನೆಯ ಬೇಲಿಯವರೆಗೆ ಅಪ್ಪ ಎಷ್ಟೋ ಸಲ ಹೋಗಿದ್ದಾನೆ. ಅಲ್ಲೇ ನಿಂತು ಮಾತಾಡುವುದು, ಅತ್ತೆ ಏನಾದರೂ ತಿನ್ನಲು ಕರೆದರೆ "ಒಟ್ಟೆ ಸರಿಯಿಲ್ಲ ಕಣಮ್ಮ" ಎಂದು ವಾಪಸು ಬರುವುದು. ಆವತ್ತು ಬೇಲಿ ದಾಟಿದ, ಚಪ್ಪಲಿ ಬಿಟ್ಟ, ಹೊಸ್ತಿಲು ದಾಟಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಬುಟ್ಟಿಯನ್ನು ಅತ್ತೆಯ ಕಡೆ ತಳ್ಳಿದ.

"ಮುದ್ದೆ ಐತೇನಮ್ಮ?"

ಅತ್ತೆ ಮಾಮನ ಮುಖ ನೋಡಿದಳು. "ಮಧ್ಯಾಹ್ನ ನಾನು ತಿಂದು ಮಿಕ್ಕಿದ್ದು ಅರ್ಧ ಇದೆ ಅಣ್ಣಾ. ಇರಿ, ಬಿಸೀದು ಮಾಡ್ತೀನಿ."

"ಅದೇ ಬೇಕು."

ಅವಳು ಸ್ಟೀಲಿನ ಡಬ್ಬಿ, ಒಂದು ಬಟ್ಟಲು ಸಾರು ತಂದಿಟ್ಟಳು. ಮಾಮ ಬಾಗಿಲಲ್ಲೇ ನಿಂತಿದ್ದ. ಅಪ್ಪ ಮುಚ್ಚಳವನ್ನು ಕೈಯಲ್ಲಿ ತೆಗೆದ. ಐದೂ ಬೆರಳನ್ನು ಮುದ್ದೆಯೊಳಕ್ಕೆ ಇಳಿಸಿದ. ಒಂದೊಂದೇ ತುತ್ತು ಮುರಿದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ, ಹಿಂದೆ ತಲೆಗೂದಲಿನ ಗಂಟು ನೋಡುತ್ತಿದ್ದ ಹಾಗೆ ತಿರುವಿ ತಿರುವಿ ನೋಡಿದ. ನೋಡಿದ ಮೇಲೆ ಸಾರಿನಲ್ಲಿ ಅದ್ದಿ ನುಂಗಿದ. ತಣ್ಣಗಾದ ಮುದ್ದೆ, ಗಂಟಲಲ್ಲಿ ಇಳಿಯುವುದು ಕಾಣುತ್ತಿತ್ತು. ಕೊನೆಯ ತುತ್ತಿನವರೆಗೂ ಒಂದು ತುಣುಕನ್ನೂ ಶೋಧಿಸದೆ ಬಿಡಲಿಲ್ಲ.

"ನನಗೂ ಇದ್ರೆ ಆಕಿ ಅತ್ತೆ," ಅಂದೆ.

"ಯಾಕೆ ಪಾಪ್ಪಾ, ಈಗ ತಾನೇ ಉಂಡಿಲ್ವಾ?" ಎಂದಳು ಅತ್ತೆ. ಅವಳೂ ಮರೆತಿರಲಿಲ್ಲ. ಮೂಗುತಿಯ ಕೆಳಗೆ ನಗು ಇತ್ತು, ಆದರೂ ನನಗೆ ತಲೆ ಎತ್ತಲಾಗಲಿಲ್ಲ.

ಅಪ್ಪ ಬೆರಳು ನೆಕ್ಕಿಕೊಂಡು ಮಾಮನನ್ನು ನೋಡಿದ. "ಕೈ ಆಕಿದ್ರೆ ಸಿಕ್ಬುಡ್ತಿತ್ತು, ಅಲ್ವೇನ್ಲಾ? ಕೈಯಿಡಕ್ಕೆ ಆಗ್ದೆ ಇದ್ದಿದ್ದು ನಂಗೆ. ತಪ್ಪು ನಂದೇ."

ಮಾಮ ಒಳಗೆ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. "ನೀನು ಕೈಯಿಡೋ ಅಂಥೋನಾಗಿದ್ರೆ," ಅಂದ, "ನಾನು ಅಲ್ಲಿ ಇಡ್ತಾನೇ ಇರ್ಲಿಲ್ಲ ಸರ್ಚಣ್ಣ."

ಅಪ್ಪ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದು ಬಂದ. ಶಾಲು ತೆಗೆದು ನನ್ನ ಕೈಗೆ ಕೊಟ್ಟ. ಆಮೇಲೆ ಮಾಮನ ಮುಂದೆ ನಿಂತು, ಎರಡೂ ಕೈಗಳನ್ನು ಮೇಲೆತ್ತಿದ. ಎಗರಲು ಹೇಳಿದ್ದರೆ ಆವತ್ತು ಎಗರುತ್ತಿದ್ದನೋ ಏನೋ.

ಮಾಮ ಎದ್ದ. ಅವನು ಏನನ್ನೂ ತಡವಿ ನೋಡಲಿಲ್ಲ. ಅಪ್ಪನ ಹಿಂದಕ್ಕೆ ಹೋಗಿ ಬೆನ್ನಿಗೆ ಎರಡು ತಟ್ಟಿದ.

"ಸರಿ, ನಡಿ," ಅಂದ.

ಅಪ್ಪ ನಡೆಯಲಿಲ್ಲ. ಬಿಸಿ ಮುದ್ದೆಗೆ ನೀರಿಡಲು ಅತ್ತೆಗೆ ಹೇಳಿ, ಗೋಡೆ ಹಿಡಿದುಕೊಂಡು ನಿಧಾನವಾಗಿ ಮತ್ತೆ ಕೆಳಗೆ ಕೂತ.